ಸನ್ಮಾನದ ಸಾಮಾನು

ಅಂತರರಾಷ್ಟ್ರೀಯ ಕ್ರೀಡಾಕೂಟದ ಮಹಿಳೆಯರ ಸೈಕಲ್ ರೇಸಿನಲ್ಲಿ ನಮ್ಮ ಹುಡುಗಿ ಎಲ್ಲರಿಗಿಂತ ಮುಂದಿದ್ದಾಗಲೇ ಟೈರು ಪಂಕ್ಚರ್ ಆಯಿತು. ಹಿಂದೆ ಬರುತ್ತಿದ್ದ ತಂಡದ ಕಾರಿಗೆ ಕೈಯೆತ್ತಿದಳು. ಸೈಕಲ್ ಸಂಘದ ಅಧ್ಯಕ್ಷರೂ, ಮೆಕ್ಯಾನಿಕ್ ಎಂಬ ಹೆಸರಿನಲ್ಲಿ ವಿಮಾನ ಹತ್ತಿದ್ದ ಅವರ ಭಾಮೈದನೂ ಇಳಿದರು.

"ಬೇಗ ಬೇರೆ ಚಕ್ರ ಕೊಡಿ ಸಾರ್!"

ಅಧ್ಯಕ್ಷರು ಡಿಕ್ಕಿ ತೆರೆದರು. ಒಳಗೆ ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ.

"ಚಕ್ರ ಹೋಟೆಲ್‌ನಲ್ಲೇ ಬಿಟ್ವಮ್ಮ, ಜಾಗ ಸಾಲ್ಲಿಲ್ಲ. ಗೆದ್ಮೇಲೆ ನಿನಗೆ ಸನ್ಮಾನ ಮಾಡ್ಬೇಡ್ವಾ?"

ಉಳಿದವರೆಲ್ಲ ಅವಳನ್ನು ದಾಟಿ ಹೋದರು.

"ತಂದಿದ್ದು ದಂಡ ಆಗ್ಬಾರ್ದು ಭಾವ" ಎನ್ನುತ್ತ ಭಾಮೈದ ಅಧ್ಯಕ್ಷರಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿದ. ಆಮೇಲೆ ತನ್ನ ಮೊಬೈಲನ್ನು ಹುಡುಗಿಯ ಕೈಗಿಟ್ಟ.

"ಹೇಗೂ ಸುಮ್ನೆ ನಿಂತಿದ್ದೀಯಲ್ಲಮ್ಮ, ಒಂದು ಫೋಟೋ ತೆಗಿ."