ಹೆಸರು ಸಮೇತ

ಆಸ್ಪತ್ರೆಯ ಡೇಟಾಬೇಸ್ ಕೈಕೊಟ್ಟಾಗಲೆಲ್ಲ ಪರದೆಯ ಮೇಲೆ ಒಂದೇ ಸಾಲು ಬರುತ್ತಿತ್ತು: ‘ಏನೋ ತಪ್ಪಾಗಿದೆ.’ ಅದನ್ನು ಬರೆದವನಿಗೆ ನಾಚಿಕೆಯಾಗಬೇಕು ಎನ್ನುತ್ತಿದ್ದ ಕಂಪ್ಯೂಟರ್ ವಿಭಾಗದ ವಾದಿರಾಜ, ತಪ್ಪು ಎಲ್ಲಾಗಿದೆ, ಯಾರಿಂದಾಗಿದೆ ಎಂದು ಹೆಸರು ಸಮೇತ ಹೇಳುವ ಹಾಗೆ ಶನಿವಾರವಿಡೀ ಕೂತು ತಿದ್ದಿದ.

ಸೋಮವಾರ ನೋಂದಣಿ ಕೌಂಟರಿನ ಕುಸುಮಾ ಫೋನ್ ಮಾಡಿದರು. “ಸರ್, ಚೀಟಿ ಬರ್ತಿಲ್ಲ. ಕ್ಯೂ ಗೇಟಿನ ತನಕ ಹೋಗಿದೆ.”

ವಾದಿರಾಜ ಸ್ಪೀಕರ್ ಹಾಕಿ, ಎದುರಿಗಿದ್ದ ಮುಖ್ಯ ವೈದ್ಯರ ಕಡೆ ಗೆದ್ದವನಂತೆ ನೋಡಿದ. “ಮೆಸೇಜ್ ಜೋರಾಗಿ ಓದಿ. ಯಾರ ಹೆಸರಿದ್ರೂ ಮುಲಾಜು ಬೇಡ.”

ಕುಸುಮಾ ತಡೆದು ತಡೆದು ಓದಿದರು. “‘ರೋಗಿಗಳ ಪಟ್ಟಿ ಸಿಗುತ್ತಿಲ್ಲ. ಶನಿವಾರ ಅದರ ಹೆಸರು ಬದಲಿಸಿದವರು ವಾದಿರಾಜ.’”

“ಏನ್ರೀ ಇದು?” ಎಂದರು ಮುಖ್ಯ ವೈದ್ಯರು.

ವಾದಿರಾಜ ಸ್ಪೀಕರ್ ಆಫ್ ಮಾಡಿದ. “ಏನೋ ತಪ್ಪಾಗಿದೆ, ಸರ್.”