ಎಡಕ್ಕೆ ಬಿದ್ದ ಹೂವು

ಪಾಯ ತೋಡುವಾಗ ಸಿಕ್ಕ ಪುರಾತನ ನಾಣ್ಯಗಳ ಕಿಲುಬಿನ ದೆಸೆಯಿಂದ ಅಣ್ಣತಮ್ಮಂದಿರ ನಡುವೆ ಮಾತೇ ನಿಂತುಹೋಗಿತ್ತು. ಉಜ್ಜಲೇಬೇಕೆಂದು ತಮ್ಮ, ಉಜ್ಜಿದರೆ ಅಕ್ಷರವೇ ಅಳಿಸಿಹೋದೀತೆಂದು ಅಣ್ಣ. ಕೊನೆಗೆ ದೇವಿಯನ್ನೇ ಕೇಳಲು ಗುಡಿಗೆ ಬಂದರು.

ನಾಣ್ಯಗಳನ್ನು ಈಸಿಕೊಂಡು ಒಳಗೆ ಹೋದ ಅರ್ಚಕರು ಬಹಳ ಹೊತ್ತಿನ ಮೇಲೆ ಇಣುಕಿದರು. "ತಾಯಿ ಪಾದದ ಹತ್ರ ಇಟ್ಟಿದೀನಿ. ಮುಡಿ ಹೂವು ಬಲಕ್ಕೆ ಬಿದ್ರೆ ಉಜ್ಜಿ, ಎಡಕ್ಕೆ ಬಿದ್ರೆ ಕಿಲುಬು ಮುಟ್ಬೇಡಿ."

ಅಣ್ಣ ಕೈಮುಗಿದು ನಿಂತ. ಹೂವು ಎಡಕ್ಕೆ ಬಿತ್ತು.

"ನೋಡ್ದೇನೋ? ತಾಯೀನೇ ಬೇಡ ಅಂದ್ಲು!" ಎಂದು ಅಣ್ಣ ಗೆದ್ದವನಂತೆ ಅರ್ಚಕರತ್ತ ಕೈ ಚಾಚಿದ. ಅಂಗೈಗೆ ಬಿದ್ದ ನಾಣ್ಯಗಳು ಫಳಫಳ ಹೊಳೆದವು. ಒಂದರಲ್ಲೂ ಅಕ್ಷರವಿರಲಿಲ್ಲ.

"ಸ್ವಾಮಿ, ಇದೇನು?"

"ಮತ್ತೆ, ಕೊಳಕು ನಾಣ್ಯನ ತಾಯಿ ಮುಂದೆ ಇಡೋಕಾಗುತ್ತಾ? ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಜಿ, ಆಮೇಲೇ ಕೇಳಿದ್ದು."