ಸೋಲೊಪ್ಪದ ಮಿಷನ್

ಇನ್ನೊಂದೇ ಕೈ ಹಾಕಿದ್ದರೆ ಜಲಜಕ್ಕ ಗೆದ್ದೇಬಿಡುತ್ತಿದ್ದಳು. ಅಷ್ಟರಲ್ಲಿ ಅಂಗೈಯಗಲದ ಪರದೆಯ ಮೇಲಿದ್ದ ಚೆನ್ನೆಮಣೆ ಫಕ್ಕನೆ ಮಾಯವಾಯಿತು. ಗುಳಿಯೂ ಇಲ್ಲ, ಕಾಯಿಯೂ ಇಲ್ಲ, ಬರೀ ಕಪ್ಪು.

“ಏ ಹೆಣೆ, ಬಾ ಇಲ್ಲಿ! ನಿನ್ ಮಿಷನ್ ಮತ್ತ್ ಕೈ ಕೊಡ್ತ್ ಕಾಣ್!”

ಮಗಳು ಮೋಕ್ಷಿತಾ ಒಲೆಯ ಮೇಲಿನ ಸಾರನ್ನು ಅಲ್ಲಿಗೇ ಬಿಟ್ಟು ಓಡಿ ಬಂದಳು. ಇದು ಮೂರನೇ ಸಲ. ಬೈಂದೂರಿನ ಸೊಸೈಟಿಯಲ್ಲಿ ಕೆಲಸ ಮಾಡುವ ಈ ಹುಡುಗಿಗೆ ಮನೆಗೆ ಬಂದರೆ ಒಂದೇ ಹುಚ್ಚು. ಗುಜರಿಗೆ ಬಿದ್ದ ಕೈಯಾಟದ ವಿಡಿಯೋ ಗೇಮು ಎಲ್ಲಿದ್ದರೂ ತರುವುದು, ಬಿಚ್ಚುವುದು, ಜೀವ ಬರಿಸುವುದು. ಉಪ್ಪುಂದದಲ್ಲಿ ಉಳಿದವರು ತಾಜಾ ಬಂಗಡೆ ಕಂಡರೆ ಹೇಗೋ, ಇವಳು ಹಳೇ ಗೇಮು ಕಂಡರೆ ಹಾಗೆ. ಈ ಆಸಾಡಿಯ ಮಳೆಗಾಲದಲ್ಲಿ ದೋಣಿಗಳೆಲ್ಲ ದಡ ಹತ್ತಿ, ಮೀನು ಮಾರುವ ಅಮ್ಮ ಕೈಕಟ್ಟಿ ಕೂತದ್ದನ್ನು ನೋಡಿ ಒಂದು ಗೇಮಿನೊಳಗೆ ಚೆನ್ನೆಮಣೆಯನ್ನೇ ತುಂಬಿಸಿಕೊಟ್ಟಿದ್ದಳು. ಎದುರು ಆಡುವುದು ಮಿಷನ್ ಎಂದು ಹೇಳಿದ್ದು ಮಾತ್ರ ಶುದ್ಧ ಸುಳ್ಳು.

ನೆಟ್ಟಿನಲ್ಲಿ ಅದಕ್ಕೆ ಜೋಡಿಸಿದ ಇನ್ನೊಂದು ಗೇಮು ಇದ್ದದ್ದು ತೆಕ್ಕಟ್ಟೆಯಲ್ಲಿ, ಜಲಜಕ್ಕನ ತಂಗಿ ಉಮಾವತಿಯ ಕೈಯಲ್ಲಿ. ಅವಳ ಮಗ ನಿತೇಶನೂ ತನ್ನ ಅಮ್ಮನಿಗೆ ಇದೇ ಸುಳ್ಳು ಹೇಳಿ ಕೊಟ್ಟಿದ್ದ. ಅಕ್ಕ-ತಂಗಿ ಮಾತು ಬಿಟ್ಟು ಮೂರು ವರ್ಷ. ಮೋಕ್ಷಿತಾಳ ಅಣ್ಣನ ಮದುವೆಗೆ ಜಲಜಕ್ಕ ಊರವರ ಬಾಗಿಲಿಗೆಲ್ಲ ಹೋಗಿ ಬಾಯಾರೆ ಕರೆದು ಹೇಳಿಕೆ ಮಾಡಿ ಬಂದವಳು, ಒಡಹುಟ್ಟಿದವಳಿಗೆ ಮಾತ್ರ ಕರೆಯೋಲೆಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದಳು. “ತಂಗಿಯೇ ಅಲ್ದಾ, ಅದಕ್ಕೆಂತ ಹೇಳಿಕೆ?” ಎಂದು ಇವಳ ಲೆಕ್ಕ. “ತಂಗಿಗೇ ಹೇಳಿಕೆ ಇಲ್ಲ ಅಂದ್ರೆ ನಾನ್ ಯಾರ್?” ಎಂದು ಅವಳ ಲೆಕ್ಕ. ಉಮಾವತಿ ಮದುವೆಗೂ ಬರಲಿಲ್ಲ, ಆಮೇಲೆ ಫೋನೂ ಎತ್ತಲಿಲ್ಲ. ಚಿಕ್ಕಮ್ಮನನ್ನು ಚಿಕ್ಕಿ ಎಂದು ಕರೆಯುತ್ತಾ ಅವಳ ಸೊಂಟದ ಮೇಲೇ ಬೆಳೆದ ಮೋಕ್ಷಿತಾಳಿಗೆ ಸಂಕಟವಾಗದೆ ಇರುತ್ತದೆಯೇ? ಮಾತಿಲ್ಲದಿದ್ದರೆ ಆಟವಾದರೂ ಇರಲಿ, ಆಡುತ್ತಾ ಆಡುತ್ತಾ ಎಂದಾದರೂ ಹೇಳಿದರಾಯಿತು ಎಂದುಕೊಂಡಿದ್ದಳು. ಅದಕ್ಕೆ ಮೊದಲೇ ಗುಟ್ಟು ರಟ್ಟಾದರೆ ಅಮ್ಮ ಆ ಪೆಟ್ಟಿಗೆಯನ್ನು ಕಡಲಿಗೆ ಎಸೆದಾಳು, ತಂಗಿಯ ಹೆಸರು ಎತ್ತಿದವರನ್ನೂ ಅದರ ಹಿಂದೆಯೇ ಎಸೆದಾಳು.

ಮೋಕ್ಷಿತಾ ಸ್ಕ್ರೂ ಬಿಚ್ಚಿದಳು. ಉಪ್ಪುಗಾಳಿಗೆ ಕಿಲುಬು ಹಿಡಿದಿದೆಯೋ ಎಂದು ಸ್ಪಿರಿಟ್ ಹಾಕಿ ಒರೆಸಿದಳು. ಬಟನ್ ಕೆಳಗಿನ ರಬ್ಬರ್ ಬದಲಿಸಿದಳು, ಬ್ಯಾಟರಿ ಬದಲಿಸಿದಳು, ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದಳು. ತಪ್ಪು ಒಂದೂ ಇಲ್ಲ! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವುದು ಅಂದರೆ ಇದೇ. ಕೊನೆಗೆ ಅಂಗಳದ ಮೂಲೆಗೆ ಹೋಗಿ ನಿತೇಶನಿಗೆ ಫೋನ್ ಹಚ್ಚಿದಳು.

“ಹ್ವಾಯ್ ನಿತೇಶಣ್ಣ, ನಿಮ್ ಬದಿ ಎಂತಾರೂ ಹಾಳಾಯ್ತಾ?”

“ಇಲ್ಲ ಮಾರಾಯ್ತಿ, ಇಲ್ಲಿ ಎಲ್ಲ ಸಮ ಇತ್ತ್. ನಿಂದೇ ಕಾಣ್.”

ಫೋನ್ ಇಟ್ಟು ತಿರುಗಿದರೆ ಹಿಂದೆ ಅಮ್ಮ.

“ಬಿಚ್ಚಿದ್ದ್ ಸಾಕ್. ಮಿಷನ್ ಹಾಳಾಯ್ಲ. ಆಚಿ ಬದಿ ಕೂಕಂಡದ್ದ್ ಉಮಾವತಿ ಅಲ್ದಾ?”

ಮೋಕ್ಷಿತಾ ಫೋನನ್ನು ಬೆನ್ನ ಹಿಂದೆ ಅಡಗಿಸಿದಳು. “ನಿಂಗೆ... ಯಾರ್ ಹೇಳ್ರ್?”

“ಯಾರ್ ಹೇಳ್ಕ್? ಮಿಷನ್ನಿಗೆ ಸೋಲೂಕೆ ನಾಚ್ಕಿ ಇತ್ತಾ? ಮೂರ್ ಸಲವೂ ನಾ ಗೆಲ್ಲೂ ಹೊತ್ತಿಗೇ ಆಚಿಂದ ಆಫ್! ಸಣ್ಣದಿಪ್ಪಾಗ್ಳೂ ಅವ್ಳ್ ಹಾಂಗೇ. ಅಕ್ಕ-ತಂಗಿ ಚೆನ್ನೆಮಣೆ ಆಡೂಕಾಗ, ಜಗಳ ಆತ್ತ್ ಅಂದ್ಕಂಡ್ ಅಜ್ಜಿ ಬೈಯೂದ್. ನಾವ್ ದೋಣಿ ಮರೆಗೆ ಅಡಗ್ಕಂಡ್ ಆಡೂದ್. ಸೋಲ್ ಕಂಡದ್ದೇ ಅವ್ಳ್ ಮಣೆ ಮಗುಚಿ ಎದ್ದ್ ಹೋಪುದ್. ನಂಗೆ ಎರಡ್ನೇ ಸಲವೇ ಗೊತ್ತಾಯ್ತ್.”

“ಮತ್ತೆಂತಕೆ ಇವತ್ತೂ ಆಡ್ದೆ?”

ಜಲಜಕ್ಕ ಮುಖ ಆಚೆ ತಿರುಗಿಸಿದಳು. ಬಂದರಿನಲ್ಲಿ ಹತ್ತು ಜನರ ಬಾಯಿಗೆ ಒಬ್ಬಳೇ ಉತ್ತರ ಕೊಡುವ ಹೆಂಗಸಿನ ಕಣ್ಣು ತುಂಬಿತ್ತು. ತಂಗಿ ಬೇಕಿತ್ತು ಅವಳಿಗೆ. ಮೂರು ವರ್ಷವೂ ಬೇಕಿತ್ತು. ಕೇಳುವುದು ಹೇಗೆಂದೇ ಗೊತ್ತಿರಲಿಲ್ಲ. ಮುಖ ಒರೆಸಿಕೊಂಡು ಒಳಗೆ ಹೋದವಳು ಏಣಿ ಇಟ್ಟು ಅಟ್ಟ ಹತ್ತಿದಳು. ಇಳಿಯುವಾಗ ಕಂಕುಳಲ್ಲಿ ಮರದ ಚೆನ್ನೆಮಣೆ ಇತ್ತು.

“ನಾಳೆ ಬೆಳಿಗ್ಗೆ ತೆಕ್ಕಟ್ಟೆಗೆ ಹೋಪ. ಮೊದಲಿನ ಬಸ್ಸಿಗೇ.”

“ಅಕ್ಕ-ತಂಗಿ ಆಡೂಕಾಗ ಅಂದ್ಯಲೆ ಅಮ್ಮ?”

“ಜಗಳ ಆತ್ತ್ ಅಂದ್ಕಂಡ್ ಆಡೂಕಾಗ ಅಂಬುದ್. ಜಗಳ ಹ್ಯಾಂಗೂ ಆಯ್ತಲ್ದಾ, ಇನ್ನೆಂತ ಹೆದ್ರಿಕಿ?”

ಮೋಕ್ಷಿತಾಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. “ಮತ್ತೆ ಚಿಕ್ಕಿ ಅಲ್ಲೂ ಮಣೆ ಮಗುಚಿರೆ?”

ಜಲಜಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಒಂದೊಂದೇ ಗುಳಿಯ ಧೂಳು ತೆಗೆಯುತ್ತಿದ್ದಳು.

“ಮಗುಚ್ಲಿ ಬಿಡ್,” ಅಂದಳು. “ಕಾಯಿ ಹೆಕ್ಕೂಕೆ ನಾನಿಲ್ಯಾ?”